ಡೊಮೇನ್ ಯಾರ ಹೆಸರಲ್ಲಿದೆ ಸ್ವಾಮಿ?

ಹೊಸ ಗಿರಾಕಿ ಬಂದು ಕೂತ ಕೂಡಲೇ ಕೇಳುವುದು "ಎಷ್ಟು ಜಿಬಿ ಕೊಡ್ತೀರಿ?" ಅಂತ. ಹತ್ತು ಪುಟದ ಹೋಮ್‌ಸ್ಟೇ ಸೈಟು, ಫೋಟೋ ಎಲ್ಲ ಸೇರಿ ಅರ್ಧ ಜಿಬಿ ತುಂಬಿದರೆ ದೊಡ್ಡದು. ಆಮೇಲೆ ದರದ ಚೌಕಾಸಿ. "ಡೊಮೇನ್, ಅಂದರೆ ಸೈಟಿನ ವಿಳಾಸ, ಯಾರ ಹೆಸರಲ್ಲಿದೆ?" ಅಂತ ನಾನು ಕೇಳಿದರೆ ಮಾತ್ರ, "ಅದೆಲ್ಲ ಆ ಹುಡುಗ ನೋಡ್ಕೊಂಡಿದಾನೆ ಸರ್."

ನಾನೂ ಹೋಸ್ಟಿಂಗ್, ಅಂದರೆ ಸೈಟ್ ಇಡುವ ಜಾಗ, ಮಾರುವವನೇ. ದೊಡ್ಡ ಕಂಪನಿಯಿಂದ ಮರುಮಾರಾಟದ (ರೀಸೆಲರ್) ಖಾತೆ ತಗೊಂಡು, ಗಿರಾಕಿಗೊಂದು ಸಿಪ್ಯಾನೆಲ್ (ಸೈಟ್ ನಿಭಾಯಿಸುವ ಸಾಫ್ಟ್‌ವೇರ್) ಖಾತೆ ಮಾಡಿಕೊಟ್ಟು, ಮೇಲೆ ನನ್ನ ಲಾಭ ಇಟ್ಟು ಬಿಲ್ ಹಾಕುತ್ತೇನೆ. 2019ರಲ್ಲಿ ಸಿಪ್ಯಾನೆಲ್‌ನವರು ಖಾತೆಯ ಲೆಕ್ಕದಲ್ಲಿ ದುಡ್ಡು ಕೇಳತೊಡಗಿದ ಮೇಲೆ ಆ ಲಾಭವೂ ಸವೆದಿದೆ, ಇರಲಿ. ಹೋಸ್ಟಿಂಗ್ ಬಾಡಿಗೆ ಮಳಿಗೆ ಇದ್ದಂತೆ. ನನ್ನ ಕೆಲಸ ಸರಿಬರದಿದ್ದರೆ ನಾಳೆ ಬೇರೆಯವರ ಹತ್ತಿರ ಹೋಗಬಹುದು. ಆದರೆ ಹೋಗಲು ಡೊಮೇನಿನ ಲಾಗಿನ್ ನಿಮ್ಮ ಕೈಯಲ್ಲಿರಬೇಕು. ಆ ಖಾತೆ ನಿಮ್ಮ ಹೆಸರಲ್ಲಿ, ನಿಮ್ಮ ಫೋನಿಗೆ, ನಿಮ್ಮ ಇಮೇಲಿಗೆ ಇರಲಿ.

ಇಮೇಲ್ ಅಂದಾಗ ಎಡವುವುದು ಇಲ್ಲೇ. ಅದೇ ಡೊಮೇನಿನ ಇಮೇಲ್ ಕೊಡಬೇಡಿ. ಡೊಮೇನಿನ ಅವಧಿ ಮುಗಿದರೆ ಸೈಟಿನ ಜೊತೆ ಇಮೇಲೂ ನಿಲ್ಲುತ್ತದೆ. ಪಾಸ್‌ವರ್ಡ್ ಮರೆತಿದ್ದರೆ ಹೊಸದರ ಲಿಂಕ್ ಬರುವುದು ನಿಂತುಹೋದ ಆ ಇಮೇಲಿಗೇ. ಬೀಗದಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಜಿಮೇಲ್ ಕೊಡಿ, ನಿಮ್ಮ ಮಗಳ ಜಿಮೇಲ್ ಆದರೂ ಸರಿ.

ಅವಧಿ ಮುಗಿದ ತಕ್ಷಣ ಡಾಟ್ ಕಾಮ್ ಕೈತಪ್ಪುವುದಿಲ್ಲ. ಸಾಮಾನ್ಯವಾಗಿ ಕೆಲವು ದಿನ ಮಾಮೂಲು ಶುಲ್ಕಕ್ಕೇ ನವೀಕರಿಸಬಹುದು. ಎಷ್ಟು ದಿನ ಅನ್ನುವುದು ಡೊಮೇನ್ ಮಾರಿದ ಕಂಪನಿ (ರಿಜಿಸ್ಟ್ರಾರ್) ಮೇಲೆ ಹೋಗುತ್ತದೆ, ಅದನ್ನೇ ನೆಚ್ಚಿಕೊಂಡು ಕೂರಬೇಡಿ. ಆಮೇಲೆ 30 ದಿನದ ರಿಡೆಂಪ್ಷನ್, ಅಂದರೆ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಧಿ, ಆಗ ದಂಡ ಜೋರು. ಕೊನೆಯ 5 ದಿನ ದುಡ್ಡು ಕೊಟ್ಟರೂ ಆಗುವುದಿಲ್ಲ. ಅದಾದ ಮೇಲೆ ಯಾರು ಬೇಕಾದರೂ ಕೊಳ್ಳಬಹುದು.

ಶಿರಸಿ ಕಡೆಯ ಹೋಮ್‌ಸ್ಟೇ ಯಜಮಾನರೊಬ್ಬರು ಡಿಸೆಂಬರ್ ಸೀಸನ್ನಿನಲ್ಲಿ ಫೋನ್ ಮಾಡಿದರು: "ತಮಾ, ವೆಬ್‌ಸೈಟೇ ಇಲ್ಲೆ!" ನೋಡಿದರೆ ಅವಧಿ ಮುಗಿದು ಹನ್ನೆರಡು ದಿನ. ಸೈಟ್ ಮಾಡಿಕೊಟ್ಟ ಹುಡುಗ ಕೆನಡಾದಲ್ಲಿ. ಮೋಸಗಾರನಲ್ಲ ಪಾಪ, ಕೆಲಸಕ್ಕೆಂದು ತೆರೆದು ಡೊಮೇನಿಗೂ ಕೊಟ್ಟಿದ್ದ ಜಿಮೇಲಿನ ಪಾಸ್‌ವರ್ಡ್ ಮರೆತಿದ್ದ, ಅಷ್ಟೇ. ಒಟಿಪಿ ಹೋಗುವುದು ಅವನ ಹಳೆಯ ನಂಬರಿಗೆ. ಆ ಸಿಮ್ ಅವನ ಅಪ್ಪನ ಕೀಪ್ಯಾಡ್ ಫೋನಿನಲ್ಲಿತ್ತು, ಅಪ್ಪ ಅಡಿಕೆ ಕೊಯ್ಲಿನಲ್ಲಿ. ತೋಟದಲ್ಲಿ ಸಿಗ್ನಲ್ ಇಲ್ಲ. ಅವರನ್ನು ಅಂಗಳಕ್ಕೆ ಕರೆತಂದು, ಚಪ್ಪರದ ಕಂಬದ ಪಕ್ಕ ನಿಲ್ಲಿಸಿದ ಮೇಲೆ, ಅಡಿಕೆ ಚೊಗರು ಹತ್ತಿದ ಕೈಯಲ್ಲಿ ಫೋನ್ ಹಿಡಿದು ಅವರು ಒಂದೊಂದೇ ಅಂಕಿ ಓದಿದರು. ಎರಡು ಸಲ ಹೊತ್ತು ಮೀರಿತು, ಮೂರನೆಯದು ಹತ್ತಿತು. ಮಾಮೂಲು ಶುಲ್ಕದಲ್ಲೇ ಡೊಮೇನ್ ಉಳಿಯಿತು.

ಅಲ್ಲೇ ಕೂತು ಖಾತೆಯನ್ನು ಯಜಮಾನರ ಹೆಸರಿಗೆ ಬದಲಿಸಲು ಹೊರಟೆ. "ನಿಮ್ಮ ಇಮೇಲ್ ಹೇಳಿ ಹೆಗಡೇರೆ" ಅಂದೆ. ಅವರು ಜೇಬಿನಿಂದ ವಿಸಿಟಿಂಗ್ ಕಾರ್ಡ್ ತೆಗೆದು ಮುಂದೆ ಹಿಡಿದರು. ಇನ್ಫೋ ಅಟ್, ಅದೇ ಡೊಮೇನ್.