ಅಂಟು ಸಸ್ಯಮೂಲದ್ದಾದರೆ ಪರೀಕ್ಷೆ ಬೇಡವೇ?

ಶಸ್ತ್ರಚಿಕಿತ್ಸೆಯ ಅಂಟುಗಳನ್ನು ನಮ್ಮ ಪ್ರಯೋಗಾಲಯಕ್ಕೆ ತರುವ ಯುವ ಸಂಶೋಧಕರಲ್ಲಿ ಹಲವರು, "ಸರ್, ಇದರಲ್ಲಿ ಪ್ರಾಣಿಜನ್ಯ ವಸ್ತು ಏನೂ ಇಲ್ಲ, ವಿಷತ್ವ ಪರೀಕ್ಷೆ ಇಷ್ಟೊಂದು ಬೇಕೇ?" ಎಂದು ಕೇಳುತ್ತಾರೆ. ಬೇಕು.

ಪ್ರಾಣಿಜನ್ಯ ಘಟಕಗಳನ್ನು ಕೈಬಿಡಲು ಗಟ್ಟಿ ಕಾರಣಗಳಿವೆ ಎಂಬುದರಲ್ಲಿ ನನಗೆ ತಕರಾರಿಲ್ಲ. ಹಸುವಿನ ರಕ್ತದಿಂದ ತೆಗೆದ, ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಬಳಸಿದಾಗ, ಕೆಲವು ರೋಗಿಗಳ ದೇಹವು ಅದರಲ್ಲಿ ಬೆರೆತಿದ್ದ ಫ್ಯಾಕ್ಟರ್ 5ರ (ಹೆಪ್ಪುಗಟ್ಟಲು ಬೇಕಾದ ಇನ್ನೊಂದು ಪ್ರೊಟೀನ್) ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿ, ಅವು ರೋಗಿಯ ಸ್ವಂತ ಫ್ಯಾಕ್ಟರ್ 5ನ್ನೂ ಹಿಡಿದು, ರಕ್ತ ನಿಲ್ಲಿಸಬೇಕಾದ ಔಷಧವೇ ರಕ್ತಸ್ರಾವಕ್ಕೆ ದಾರಿಯಾದ ಪ್ರಕರಣಗಳು ವರದಿಯಾಗಿವೆ. ಆದರೆ ಹಸುವಿನ ಆಲ್ಬುಮಿನ್ ಎಂಬ ಪ್ರೊಟೀನಿಗೆ, ಪ್ರೊಟೀನುಗಳನ್ನು ಬೆಸೆಯುವ ರಾಸಾಯನಿಕವಾದ ಗ್ಲುಟರಾಲ್ಡಿಹೈಡ್ ಬೆರೆಸಿದ ಅಂಟಿನಲ್ಲಿ ನರ, ಅಂಗಾಂಶಗಳಿಗಾಗುವ ಹಾನಿಯ ವಿಷಯದಲ್ಲಿ ಹೆಚ್ಚಿನ ಅನುಮಾನವಿರುವುದು ಹಸುವಿನ ಪ್ರೊಟೀನಿನ ಮೇಲಲ್ಲ, ಸೋರಿ ಬರುವ ಗ್ಲುಟರಾಲ್ಡಿಹೈಡ್ ಮೇಲೆ.

ಹಲವರಿಗೆ ಅರ್ಥವಾಗದೆ ಉಳಿಯುವುದು ಮುಂದಿನ ಈ ಮಾತು. ಅಂಟು ಬಲವಾಗಿ ಹಿಡಿಯಬೇಕಾದರೆ ಅದು ಹಲವು ಬಾರಿ ಅಂಗಾಂಶದ ಪ್ರೊಟೀನಿನೊಡನೆ ರಾಸಾಯನಿಕವಾಗಿ ಬೆಸೆಯಬೇಕಾಗುತ್ತದೆ, ಮತ್ತು ಹಾಗೆ ಬೆಸೆಯಬಲ್ಲ ರಾಸಾಯನಿಕ ಗುಂಪು ಜೀವಕೋಶದ ಪ್ರೊಟೀನನ್ನೂ ಬಿಡುವುದಿಲ್ಲ. ಸಮುದ್ರಪಾಚಿಯ ಆಲ್ಜಿನೇಟ್ ತಾನಾಗಿ ಸೌಮ್ಯ ವಸ್ತು; ಅದನ್ನು ಆಕ್ಸಿಡೀಕರಿಸಿ, ಪ್ರೊಟೀನಿಗೆ ಬೆಸೆಯುವ ಆಲ್ಡಿಹೈಡ್ ಗುಂಪುಗಳನ್ನು ಮೂಡಿಸಿದ ಮೇಲೆ ಅದರ ಸೌಮ್ಯತೆಯನ್ನು ಮೂಲದ ಹೆಸರಿನಿಂದ ಊಹಿಸಲಾಗದು. ಸೂಪರ್ ಗ್ಲೂ ಜಾತಿಯ ಕೃತಕ ಅಂಟಾದ ಸಯನೋಅಕ್ರಿಲೇಟ್‌ನಲ್ಲಿಯೂ ಪ್ರಾಣಿಜನ್ಯ ವಸ್ತುವಿನ ಹನಿಯಿಲ್ಲ, ಆದರೂ ಅದು ಗಟ್ಟಿಯಾಗುವಾಗ ಶಾಖ ಹೊಮ್ಮಿಸುತ್ತದೆ, ಕರಗುವಾಗ ಫಾರ್ಮಾಲ್ಡಿಹೈಡ್ ಬಿಡುತ್ತದೆ. ಅದರ ಅಣುವಿನ ಪಕ್ಕದ ಇಂಗಾಲದ ಸರಪಳಿ ಚಿಕ್ಕದಾದಷ್ಟೂ ಈ ಬಿಡುಗಡೆ ಬೇಗ. ಚರ್ಮದ ಗಾಯಗಳಿಗೆ ಉದ್ದ ಸರಪಳಿಯ ಆಕ್ಟೈಲ್ ರೂಪವನ್ನು ಆರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ.

ವೈದ್ಯಕೀಯ ಸಾಧನಗಳು ಜೀವಕೋಶಕ್ಕೆ ವಿಷವೇ ಎಂದು ಪರೀಕ್ಷಿಸುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 10993-5ರ ಪ್ರಕಾರ ನಾವು ಗಟ್ಟಿಯಾದ ಅಂಟನ್ನು 37 ಡಿಗ್ರಿಯಲ್ಲಿ 24 ಗಂಟೆ ಪೋಷಕದ್ರವದಲ್ಲಿ ನೆನೆಸಿ, ಆ ದ್ರವವನ್ನು ಎಲ್929 ಜೀವಕೋಶಗಳಿಗೆ ಹಾಕುತ್ತೇವೆ. ಆರೋಗ್ಯವಾಗಿರುವ ಕೋಶಗಳು ತಟ್ಟೆಗೆ ಅಂಟಿ ಚಪ್ಪಟೆಯಾಗಿ ಚಾಚಿಕೊಂಡಿರುತ್ತವೆ. ವಿಷ ತಗಲಿದವು ಉಂಡೆಯಾಗಿ ಕಿತ್ತು ತೇಲುತ್ತವೆ. ಬದುಕುಳಿದವು ಶೇ 70ಕ್ಕಿಂತ ಕಡಿಮೆಯಾದರೆ ವಿಷತ್ವದ ಸಾಧ್ಯತೆ ಇದೆ ಎಂದು ಎಣಿಸಲಾಗುತ್ತದೆ. (ಎಲ್929 ಇಲಿಯ ಕೋಶಗಳು, ಪೋಷಕದ್ರವದಲ್ಲಿ ಸಾಮಾನ್ಯವಾಗಿ ಕರುವಿನ ಸೀರಮ್ ಇರುತ್ತದೆ. "ಪ್ರಾಣಿರಹಿತ" ಎಂದು ಲೇಬಲ್ ಬರೆಯುವವರಿಗೆ ಇದನ್ನು ಹೇಳಿದಾಗ ಅವರ ಮುಖ ನೋಡಬೇಕು.) ಇದರಲ್ಲಿ ಪಾಸಾದರೆ ಮುಗಿಯಿತೆಂದಲ್ಲ: ವಾರಗಳ ನಂತರ ಕರಗುವಾಗ ಹೊರಬರುವುದು 24 ಗಂಟೆಯ ದ್ರವದಲ್ಲಿ ಕಾಣಿಸದಿರಬಹುದು, ಮತ್ತು ನೀರು ಹೀರಿ ಉಬ್ಬುವ ಜೆಲ್, ರಾಸಾಯನಿಕವಾಗಿ ನಿರಪಾಯಕಾರಿಯಾದರೂ, ಬೆನ್ನುಹುರಿಯ ಪಕ್ಕದ ಇಕ್ಕಟ್ಟಿನಲ್ಲಿ ನರವನ್ನು ಒತ್ತಬಲ್ಲದು.

ಆದ್ದರಿಂದ ಮಾದರಿ ತರುವವರು ಲ್ಯಾಬಿನ ಬೀಕರಿನಿಂದ ಬಾಟಲಿಗೆ ಸುರಿದು ತರಬೇಡಿ. ಗಾಮಾ ಕಿರಣದಿಂದ ಕ್ರಿಮಿಶುದ್ಧಿ ಮಾಡುವುದಾದರೆ, ಶುದ್ಧಿಯಾದ ಅಂತಿಮ ಸಿರಿಂಜನ್ನೇ ತನ್ನಿ; ಕಿರಣ ತಗಲಿದ ಪಾಲಿಮರ್ ಮೊದಲಿನದೇ ಆಗಿ ಉಳಿದಿರಬೇಕೆಂದಿಲ್ಲ.