ಕೈಗಾದ ಗುಮ್ಮಟ ಮತ್ತು ಬಡ್ಡಿಯ ಲೆಕ್ಕ

1994ರ ಮೇ 13ರಂದು ಕೈಗಾ ಪರಮಾಣು ವಿದ್ಯುತ್ ಸ್ಥಾವರದಲ್ಲಿ ಕಟ್ಟುತ್ತಿದ್ದ ಒಂದನೇ ಘಟಕದ ಒಳಗುಮ್ಮಟದ ಕೆಳಪದರ ಕಳಚಿ ಬಿತ್ತು. ನೂರು ಟನ್ನಿಗೂ ಹೆಚ್ಚು ಕಾಂಕ್ರೀಟ್. ಹಲವು ಕಾರ್ಮಿಕರು ಗಾಯಗೊಂಡರು. ಯುರೇನಿಯಂ ಇನ್ನೂ ಒಳಗೆ ಬಂದಿರಲಿಲ್ಲವಾದ್ದರಿಂದ ವಿಕಿರಣದ ಪ್ರಶ್ನೆ ಏಳಲಿಲ್ಲ. ಆದರೆ ವಿಕಿರಣವನ್ನು ತಡೆಯಬೇಕಾದ ಗುಮ್ಮಟವೇ ಕುಸಿದಿತ್ತು.

ಬಿದ್ದದ್ದು ಹೇಗೆ? ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಕೆಂಪಗೆ ಕಾಯಿಸಿದ ಪಟ್ಟಿಯನ್ನು ಚಕ್ರಕ್ಕೆ ತೊಡಿಸಿ ನೀರು ಹೊಯ್ಯುತ್ತಾರೆ. ಪಟ್ಟಿ ಕುಗ್ಗಿ ಚಕ್ರವನ್ನು ಒಳಮುಖವಾಗಿ ಬಿಗಿಯುತ್ತದೆ, ಮರದ ತುಂಡುಗಳೆಲ್ಲ ಒಂದಾಗಿ ನಿಲ್ಲುತ್ತವೆ. ರಿಯಾಕ್ಟರಿನ ಗುಮ್ಮಟಕ್ಕೂ ಇದೇ ಉಪಾಯ. ಕಾಂಕ್ರೀಟಿನ ಒಳಗೆ ಕೊಳವೆಗಳನ್ನು ಹುದುಗಿಸಿ, ಅವುಗಳಲ್ಲಿ ಉಕ್ಕಿನ ಕೇಬಲ್ ತೂರಿಸಿ, ಜ್ಯಾಕ್ ಹಾಕಿ ಎಳೆದು ಬಿಗಿಯುತ್ತಾರೆ. ಅಪಘಾತವಾಗಿ ಒಳಗೆ ಉಗಿಯ ಒತ್ತಡ ಏರಿದರೂ ಕಾಂಕ್ರೀಟ್ ಬಿರಿಯಬಾರದು ಎಂಬುದು ಉದ್ದೇಶ.

ತೊಡಕು ಇರುವುದೂ ಇಲ್ಲಿಯೇ. ಬಾಗಿದ ಕೇಬಲ್ ಬಿಗಿದಷ್ಟೂ ತನ್ನ ಕೆಳಗಿನ ಕಾಂಕ್ರೀಟನ್ನು ಒಳಕ್ಕೆ ಒತ್ತುತ್ತದೆ. ಕೊಳವೆಗಳು ಸಾಲಾಗಿ ಮಲಗಿರುವ ಮಟ್ಟದಲ್ಲಿ ಗಟ್ಟಿ ಕಾಂಕ್ರೀಟ್ ಕಡಿಮೆ, ಟೊಳ್ಳೇ ಹೆಚ್ಚು. ಮೇಲಿನ ಪದರವನ್ನೂ ಕೆಳಗಿನ ಪದರವನ್ನೂ ಹಿಡಿದಿಡುವ ಬಲ ಅಲ್ಲಿ ಸಾಲದೆ ಹೋದರೆ, ಈರುಳ್ಳಿಯ ಹಾಗೆ ಪದರ ಬಿಡುತ್ತದೆ. ಕೈಗಾದಲ್ಲಿ ಆದದ್ದು ಅದೇ. ಗುಮ್ಮಟದ ವಿನ್ಯಾಸವನ್ನು ಬದಲಿಸಿ ಹೊಸದಾಗಿ ಕಟ್ಟಬೇಕಾಯಿತು. ಸಿಲಿಕಾ ಫ್ಯೂಮ್ ಎಂಬ ಅತಿ ನುಣುಪಾದ ಪುಡಿ ಬೆರೆಸಿದ, ಹಿಂದಿಗಿಂತ ಬಲವಾದ ಎಂ-60 ಕಾಂಕ್ರೀಟ್ ಬಳಸಿದರು.

1989ರಲ್ಲಿ ಶುರುವಾಗಿದ್ದ ಒಂದನೇ ಘಟಕ ವಾಣಿಜ್ಯ ಉತ್ಪಾದನೆಗೆ ಬಂದದ್ದು 2000ದ ನವೆಂಬರಿನಲ್ಲಿ. ಹನ್ನೊಂದು ವರ್ಷ! ಎರಡನೇ ಘಟಕವೇ ಅದಕ್ಕಿಂತ ಕೆಲವು ತಿಂಗಳು ಮೊದಲು ಸಿದ್ಧವಾಯಿತು.

ಮನೆ ಕಟ್ಟಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಬ್ಯಾಂಕಿನ ಸಾಲದಲ್ಲಿ ಮನೆ ಕಟ್ಟುವವರು ಮುಗಿಯುವತನಕ ಅತ್ತ ಸಾಲಕ್ಕೆ ಬಡ್ಡಿ, ಇತ್ತ ಬಾಡಿಗೆ ಎರಡನ್ನೂ ತೆರಬೇಕು. ಕಲ್ಲಿದ್ದಲು ಸ್ಥಾವರದ ಖರ್ಚಿನಲ್ಲಿ ದೊಡ್ಡ ಪಾಲು ಮುಂದೆ ವರ್ಷ ವರ್ಷ ಸುಡುವ ಇಂಧನದ್ದು. ಪರಮಾಣು, ಜಲವಿದ್ಯುತ್, ಗಾಳಿ, ಸೌರಶಕ್ತಿಗಳಲ್ಲಿ ಬಹುಪಾಲು ಹಣ ಕಟ್ಟುವಾಗಲೇ ಸುರಿಯಬೇಕು. ಒಂದು ಲೆಕ್ಕ ಹಾಕಿ ನೋಡೋಣ. 10,000 ಕೋಟಿ ರೂಪಾಯಿಯ ಸ್ಥಾವರಕ್ಕೆ ಐದು ವರ್ಷ, ಪ್ರತಿ ವರ್ಷದ ಆರಂಭದಲ್ಲಿ 2,000 ಕೋಟಿಯಂತೆ, ಶೇ. 10ರ ಚಕ್ರಬಡ್ಡಿಗೆ ಸಾಲ ತಂದರೆ ಕೊನೆಗೆ ಹೊರೆ ಸುಮಾರು 13,400 ಕೋಟಿ. ಅಷ್ಟೂ ಹಣ ಸುರಿದ ಮೇಲೆ ಕೆಲಸ ಇನ್ನೈದು ವರ್ಷ ನಿಂತರೆ ಸುಮಾರು 21,600 ಕೋಟಿ. ಒಂದು ಚೀಲ ಸಿಮೆಂಟನ್ನೂ ಹೆಚ್ಚಿಗೆ ಹಾಕದೆ ಬೆಳೆದ ಸಾಲ ಅದು.

ಅಷ್ಟು ಕಾಲ ಬಾಡಿಗೆಯೂ ತಪ್ಪುವುದಿಲ್ಲ. ಆ ವಿದ್ಯುತ್ತನ್ನು ಕಲ್ಲಿದ್ದಲು ಸುಟ್ಟು ಪಡೆಯಬೇಕಾಗುತ್ತದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ 2014ರಲ್ಲಿ ಕೊಟ್ಟ ಅಂದಾಜಿನಂತೆ, ಗಣಿಯಿಂದ ಹಿಡಿದು ಎಲ್ಲ ಸೇರಿಸಿದರೆ ಒಂದು ಯೂನಿಟ್‌ಗೆ ಕಲ್ಲಿದ್ದಲಿನಿಂದ ಸುಮಾರು 820 ಗ್ರಾಂ ಇಂಗಾಲದ ಡೈಆಕ್ಸೈಡಿನಷ್ಟು ಮಾಲಿನ್ಯ, ಪರಮಾಣುವಿನಿಂದ 12 ಗ್ರಾಂ. 700 ಮೆಗಾವಾಟ್ ಘಟಕವೊಂದು ಒಂದೇ ವರ್ಷ ತಡವಾದರೂ 40 ಲಕ್ಷ ಟನ್ನಿನ ಆಸುಪಾಸು ಹೆಚ್ಚುವರಿ ಹೊಗೆ. ನಿರ್ಮಾಣದ ನಿರ್ವಹಣೆಯನ್ನು ನಾವು ಎಂಜಿನಿಯರುಗಳ ತಲೆನೋವೆಂದು ಬಿಟ್ಟುಬಿಟ್ಟಿದ್ದೇವೆ. ನನ್ನ ಮಟ್ಟಿಗೆ ಹವಾಮಾನ ನೀತಿಯ ಅರ್ಧಭಾಗವೇ ಅದು.

ಫಿನ್ಲೆಂಡಿನ ಓಲ್ಕಿಲುವೊಟೊ 3ನೇ ಘಟಕವೂ ಹೀಗೇ ನರಳಿತು. 2005ರಲ್ಲಿ ಶುರುವಾಗಿ 2009ಕ್ಕೆ ಮುಗಿಯಬೇಕಿದ್ದದ್ದು ಪೂರ್ಣವಾಗಿ ಉತ್ಪಾದನೆಗೆ ಬಂದದ್ದು 2023ರ ಏಪ್ರಿಲ್‌ನಲ್ಲಿ. ವಿನ್ಯಾಸ ಹೊಸದು, ವಿವರವಾದ ನಕ್ಷೆಗಳು ಮುಗಿಯುವ ಮೊದಲೇ ಕಾಂಕ್ರೀಟ್ ಹಾಕಲು ಇಳಿದಿದ್ದರು.

ಪರಮಾಣು ಸ್ಥಾವರ ಎಂದರೆ ತಡವಾಗಿಯೇ ತೀರುತ್ತದೆ ಎನ್ನುವವರು ಮತ್ತೆ ಕೈಗಾಕ್ಕೇ ಬರಬೇಕು. ಅದೇ ಕಣಿವೆ, ಅದೇ 220 ಮೆಗಾವಾಟ್ ಮಾದರಿ. 2002ರ ಮಾರ್ಚಿನಲ್ಲಿ ಶುರುವಾದ ಮೂರನೇ ಘಟಕ 2007ರ ಮೇ ತಿಂಗಳಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿತು. ಐದು ವರ್ಷ ಚಿಲ್ಲರೆ. ನಕ್ಷೆ ಪಳಗಿತ್ತು, ಮೊದಲ ಜೋಡಿಯ ಪಾಠ ಬೆನ್ನಿಗಿತ್ತು.

ನಾಲ್ಕನೆಯದರ ಕಥೆ ಬೇರೆ. ಅದರ ಕೆಲಸ ಶುರುವಾದದ್ದೂ 2002ರಲ್ಲೇ, ಆದರೆ ಅದು ವಾಣಿಜ್ಯ ಉತ್ಪಾದನೆಗೆ ಬಂದದ್ದು 2011ರ ಜನವರಿಯಲ್ಲಿ. ದೇಶದಲ್ಲಿ ಯುರೇನಿಯಂ ಸಾಲದೆ ಅದು ಇಂಧನಕ್ಕಾಗಿ ಕಾಯಬೇಕಾಯಿತು. 2008ರಲ್ಲಿ ಪರಮಾಣು ಪೂರೈಕೆದಾರ ರಾಷ್ಟ್ರಗಳು ತಮ್ಮ ವ್ಯಾಪಾರ ನಿರ್ಬಂಧದಿಂದ ಭಾರತಕ್ಕೆ ವಿನಾಯಿತಿ ಕೊಟ್ಟ ಮೇಲೆ ಬೇರೆ ಕೆಲವು ಸ್ಥಾವರಗಳಿಗೆ ಹೊರದೇಶದ ಯುರೇನಿಯಂ ಬರತೊಡಗಿತು, ನಮ್ಮ ಗಣಿಗಳದ್ದು ಕೈಗಾದಂಥವಕ್ಕೆ ಉಳಿಯಿತು. ಇಂಥ ಕಾಯುವಿಕೆಯನ್ನು ಎಷ್ಟೇ ಸಮರ್ಥ ಮೇಸ್ತ್ರಿಯೂ ತಪ್ಪಿಸಲಾರ. ಅದು ನೀತಿ ರೂಪಿಸುವವರ ಪಾಲಿನ ಕೆಲಸ.

2017ರಲ್ಲಿ ಕೇಂದ್ರ ಸಂಪುಟ 700 ಮೆಗಾವಾಟ್‌ನ ಹತ್ತು ಘಟಕಗಳಿಗೆ ಒಟ್ಟಿಗೆ ಒಪ್ಪಿಗೆ ಕೊಟ್ಟಿತು. ಒಂದೇ ನಕ್ಷೆ, ಯಂತ್ರಗಳಿಗೆ ಒಟ್ಟಿಗೆ ಬೇಡಿಕೆ. ಕೈಗಾದ 5 ಮತ್ತು 6ನೇ ಘಟಕಗಳೂ ಅದರಲ್ಲಿ ಸೇರಿವೆ. ಈ ಮಾದರಿಯ ಮೊದಲನೆಯದಾದ, ಗುಜರಾತಿನ ಕಾಕ್ರಾಪಾರ್ 3ನೇ ಘಟಕಕ್ಕೆ ಹನ್ನೆರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಲ್ಲಿ ಎಲ್ಲೆಲ್ಲಿ ತಡವಾಯಿತು ಎಂಬ ವಿವರ ಜನರ ಮುಂದೆ ಬರಬೇಕು. ಕೈಗಾದ ಹೊಸ ಘಟಕಗಳ ವೇಳಾಪಟ್ಟಿ, ಖರ್ಚು, ಇಂಧನದ ಏರ್ಪಾಡುಗಳನ್ನು ವರ್ಷ ವರ್ಷವೂ ಬಹಿರಂಗವಾಗಿ ಹೇಳಬೇಕು. ಕಾಡನ್ನೂ ನದಿಯನ್ನೂ ಬಿಟ್ಟುಕೊಟ್ಟ ಕಾಳಿ ಕಣಿವೆಯ ಜನಕ್ಕೆ ಇದನ್ನು ಕೇಳುವ ಹಕ್ಕು ಎಲ್ಲರಿಗಿಂತ ಮೊದಲು ಇದೆ.

ಗುಮ್ಮಟ ಬಿದ್ದಿದ್ದ ಆ ಒಂದನೇ ಘಟಕವೇ 2018ರ ಡಿಸೆಂಬರ್ 31ರವರೆಗೆ ಒಮ್ಮೆಯೂ ನಿಲ್ಲದೆ 962 ದಿನ ಓಡಿ, ಆಗಿನ ವಿಶ್ವದಾಖಲೆ ಬರೆಯಿತು.