ತಲೆಗೆ ಎಣ್ಣೆ ಹಚ್ಚಿ ಬರಬೇಡಿ

ಇಇಜಿ, ಅಂದರೆ ಮಿದುಳಿನ ವಿದ್ಯುತ್ತನ್ನು ದಾಖಲಿಸುವ ಪರೀಕ್ಷೆ, ಎಂದ ಕೂಡಲೇ ಕಾರವಾರ, ಅಂಕೋಲೆ ಕಡೆ ಇಂದಿಗೂ 'ತಲೆಗೆ ಕರೆಂಟ್ ಕೊಡುತ್ತಾರಂತೆ' ಎಂದು ಹೆದರುವವರಿದ್ದಾರೆ. ಕೊಡುವುದಿಲ್ಲ; ಮಿದುಳಿನದನ್ನೇ ಅಳೆಯುತ್ತಾರೆ. ಅದಾದರೂ ಎಷ್ಟು? 50 ಮೈಕ್ರೋವೋಲ್ಟ್ ಆಸುಪಾಸು, ಬ್ಯಾಟರಿಯ ಒಂದು ಸೆಲ್ಲಿನ 30,000ದಲ್ಲಿ ಒಂದು ಪಾಲು. ಹಾಗಾಗಿಯೇ ತೆಂಗಿನೆಣ್ಣೆ ಇಲ್ಲಿ ದೊಡ್ಡ ಶತ್ರು. ಎಣ್ಣೆತಲೆಯಲ್ಲಿ ಎಲೆಕ್ಟ್ರೋಡಿನ (ತಲೆಗೆ ಅಂಟಿಸುವ ಲೋಹದ ಬಿಲ್ಲೆಯ) ವಿದ್ಯುತ್ ತಡೆ ಬೇಕಾದಂತೆ 5 ಕಿಲೋಓಮ್‌ಗಿಂತ ಕೆಳಗಿಳಿಯುವುದು ಕಷ್ಟ. ಆಗ ಫ್ಯಾನು, ಚಾರ್ಜರುಗಳ 50 ಹರ್ಟ್ಸ್ ಗದ್ದಲ ಒಳನುಗ್ಗುತ್ತದೆ. ಹಿಂದಿನ ದಿನ ಶಾಂಪೂ ಹಾಕಿ ಮೀಯಬೇಕು. ಮೇ ತಿಂಗಳ ಬೆವರೂ ಸಾಮಾನ್ಯವಲ್ಲ, ಯಂತ್ರ ಬರೆಯುವ ಗೆರೆಯನ್ನೇ ದೋಣಿಯಂತೆ ಮೆಲ್ಲಗೆ ತೇಲಿಸಿಬಿಡುತ್ತದೆ.

ಕಣ್ಣು ಮುಚ್ಚಿದರೆ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಸಲ ಏಳುವ ಆಲ್ಫಾ ಅಲೆ ಕಾಣುತ್ತದೆ. ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯರ ಇಇಜಿಯನ್ನು ಮೊದಲು ದಾಖಲಿಸಿದ್ದು 1924ರಲ್ಲಿ, ಪ್ರಕಟಿಸಿದ್ದು 1929ರಲ್ಲಿ. ಎಷ್ಟೋ ದಾಖಲೆಗಳನ್ನು ಆತ ತೆಗೆದದ್ದು ಸ್ವಂತ ಮಗನ ತಲೆಯಿಂದ! ಆಲ್ಫಾ ಅಲೆ ವಂಶದಲ್ಲಿ ಹರಿದು ಬರುತ್ತದೆ ಎಂಬುದನ್ನು ಮುಂದೆ ಅವಳಿಗಳ ಅಧ್ಯಯನಗಳು ತೋರಿಸಿದವು: ಜನರಿಂದ ಜನರಿಗೆ ಆಲ್ಫಾ ಬಲದಲ್ಲಿರುವ ವ್ಯತ್ಯಾಸದಲ್ಲಿ ಸುಮಾರು 80 ಪ್ರತಿಶತ ಆನುವಂಶಿಕ.

ಹಾಗೆಂದು 'ಆಲ್ಫಾ ಜೀನ್' ಎಂಬುದೊಂದಿಲ್ಲ. ಡಿಎನ್ಎಯ ಸಾವಿರಾರು ಸಣ್ಣ ವ್ಯತ್ಯಾಸಗಳು ಒಂದೊಂದು ಚಿಟಿಕೆ ಸೇರಿಸುತ್ತವೆ. ಅವನ್ನು ಹುಡುಕಲು ಡಿಎನ್ಎಯ ಉದ್ದಕ್ಕೂ ಸುಮಾರು 10 ಲಕ್ಷ ಸ್ವತಂತ್ರ ಪರೀಕ್ಷೆ ಮಾಡುವಾಗ, ಆಕಸ್ಮಿಕಕ್ಕೆ 5 ಪ್ರತಿಶತ ಅವಕಾಶ ಕೊಡುವ ಮಾಮೂಲಿ ಮಿತಿ ಇಟ್ಟುಕೊಂಡರೆ 50,000 ಸುಳ್ಳು ಸುಳಿವುಗಳು ಸಿಗುತ್ತವೆ. ಅದಕ್ಕೇ 2 ಕೋಟಿಗೆ 1ರಷ್ಟು ಬಿಗಿ ಮಿತಿ. ಅದನ್ನು ದಾಟಲು ಒಂದು ಆಸ್ಪತ್ರೆಯ ಜನ ಸಾಲರು. ಎನಿಗ್ಮಾ ಎಂಬ ಅಂತರರಾಷ್ಟ್ರೀಯ ಒಕ್ಕೂಟದ ಇಇಜಿ ಗುಂಪು 8,425 ಜನರ ದತ್ತಾಂಶ ಸೇರಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿತು. ವೇಗದ ಬೀಟಾ ಅಲೆಯ ಜೊತೆ ತಳುಕು ಹಾಕಿಕೊಂಡದ್ದು ಜಿಎಬಿಆರ್‌ಎ2 ಜೀನ್. ಮಿದುಳಿಗೆ ಬ್ರೇಕ್ ಹಾಕುವ ಗಾಬಾ ಎಂಬ ರಾಸಾಯನಿಕದ ಗ್ರಾಹಕದ (ಅದನ್ನು ಹಿಡಿದುಕೊಳ್ಳುವ ಪ್ರೋಟೀನಿನ) ಒಂದು ತುಂಡು ಅದರಿಂದ ಆಗುತ್ತದೆ.

ಡಿಎನ್ಎ ದೇಶ ದಾಟಬೇಕಿಲ್ಲ ಎಂಬುದೇ ಇಂಥ ಒಕ್ಕೂಟದ ಸೊಗಸು. ಶಿರಸಿ ಸೀಮೆಯ ತೋಟಿಗರು ಅಡಿಕೆಯನ್ನು ಮನೆಯಲ್ಲೇ ತೂಗಿ ಚೀಟಿಯನ್ನಷ್ಟೇ ಕಳಿಸಿದಂತೆ, ಪ್ರತಿ ಕೇಂದ್ರವೂ ಒಂದೇ ವಿಧಾನದಲ್ಲಿ ಲೆಕ್ಕ ಹಾಕಿ ಮೊತ್ತವನ್ನಷ್ಟೇ ಕಳಿಸುತ್ತದೆ. ಒಬ್ಬರು ಒಣಗಿಸಿದ ಚಾಲಿ, ಇನ್ನೊಬ್ಬರು ಹಸಿ ಅಡಿಕೆ ತೂಗಿದರೆ ಕೂಡುವುದೇ ತಪ್ಪು. ದೊಡ್ಡ ತೋಟದ ಚೀಟಿಗೆ ಹೆಚ್ಚು ತೂಕ: 4,000 ಜನರ ಅಂದಾಜು 300 ಜನರದಕ್ಕಿಂತ ಗಟ್ಟಿ.

ಎಡವುವುದು ಹೆಚ್ಚಾಗಿ ಡಿಎನ್ಎಯ ಎ, ಟಿ, ಸಿ, ಜಿ ಎಂಬ ಅಕ್ಷರಗಳಲ್ಲಿ. ಡಿಎನ್ಎಯ ಎರಡು ಎಳೆಗಳಲ್ಲಿ ಎಗೆ ಎದುರು ಟಿ, ಸಿಗೆ ಎದುರು ಜಿ. ಎ ಅಥವಾ ಜಿ ಇರುವ ಜಾಗವನ್ನು ಎದುರಿನ ಎಳೆಯಲ್ಲಿ ಓದಿದರೆ ಟಿ, ಸಿ ಬರುತ್ತವೆ, ತಪ್ಪು ಕಣ್ಣಿಗೆ ಬೀಳುತ್ತದೆ. ಎ ಅಥವಾ ಟಿ ಇರುವ ಜಾಗ ಎರಡೂ ಎಳೆಗಳಲ್ಲಿ ಒಂದೇ ಥರ ಕಾಣುತ್ತದೆ! ಒಂದೊಂದು ಕೇಂದ್ರ ಒಂದೊಂದು ಎಳೆ ಓದಿದರೆ, ಒಂದು ಕೇಂದ್ರದ ಕೂಡು ಇನ್ನೊಂದರ ಕಳೆಯಾಗಿ, ನಿಜವಾದ ಪರಿಣಾಮ ಸೊನ್ನೆಯಾಗುತ್ತದೆ. ಅದಕ್ಕೇ ಆ ಅಕ್ಷರ ಜನರಲ್ಲಿ ಎಷ್ಟು ಪಾಲಿದೆ ಎಂದು ಕೇಂದ್ರ ಕೇಂದ್ರಕ್ಕೂ ತಾಳೆ ನೋಡುತ್ತಾರೆ. ಅದು ಅರ್ಧದ ಹತ್ತಿರವಿದ್ದರೆ ಆ ಜಾಗವನ್ನೇ ಕೈಬಿಡುತ್ತಾರೆ.